ಅಗೆಯುವದಕ್ಕಿಂತ ಮುಂಚೆ

ಮನೆ ಕಟ್ಟಬೇಕೆಂದಿರುವವನು ಏನೇನನ್ನು ಎಣಿಸಿಕೊಳ್ಳುತ್ತಾನೆಂಬದನ್ನು ನಾವೆಲ್ಲರೂ ಬಲ್ಲೆವು. ಕಲ್ಲೆಷ್ಟು ಬೇಕು, ಸಿಮೆಂಟು ಎಷ್ಟು ಮೂಟೆ, ಗಾರೆಕೆಲಸದವನಿಗೆ ಕೂಲಿಯೆಷ್ಟು, ಸಾಲ ತೀರುವದು ಎಂದಿಗೆ ಎಂದು ರಾತ್ರಿಯೆಲ್ಲಾ ಲೆಕ್ಕ ಹಾಕುತ್ತಾನೆ. ಲೆಕ್ಕ ನೋಡದೆ ಗೋಪುರಕ್ಕೆ ಅಸ್ತಿವಾರ ಹಾಕಿದವನು ನೆರೆಹೊರೆಯವರ ನಗೆಗೆ ಈಡಾಗುವನೆಂಬ ಸಾಮ್ಯವನ್ನು ಲೂಕನ ಸುವಾರ್ತೆಯಲ್ಲಿ ಓದಿದವರಿಗೆ ಈ ಬುದ್ಧಿ ಹೊಸದಲ್ಲ. ಆದರೆ ಇಂಥ ಲೆಕ್ಕದೊಳಗೆ ಸಾಮಾನ್ಯವಾಗಿ ಸೇರದೆ ಹೋಗುವ ಒಂದು ಬಾಬು ಉಂಟು. ಅದೇನಂದರೆ, ನಾವು ಕಟ್ಟಬೇಕೆಂದಿರುವ ನೆಲದಲ್ಲಿ ಈಗಾಗಲೇ ವಾಸಮಾಡುತ್ತಿರುವವರು ಯಾರು? ಹಕ್ಕುಪತ್ರವಿಲ್ಲದೆ, ಕಂದಾಯ ಕಟ್ಟದೆ, ಬಿಲವನ್ನು ತೋಡಿಕೊಂಡು ಅಲ್ಲಿ ಮರಿಗಳನ್ನು ಸಾಕುತ್ತಿರುವ ಪ್ರಾಣಿಗೆ ನಮ್ಮ ಕಟ್ಟಡದಿಂದಾಗುವ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯತಕ್ಕದ್ದು? ನೋಡದೆ ಅಗೆದು ಅದನ್ನು ಮಣ್ಣಿನಲ್ಲಿ ಹೂತುಬಿಟ್ಟವನು ತಪ್ಪಿತಸ್ಥನೋ, ಇಲ್ಲವೆ “ನನಗೆ ತಿಳಿದಿರಲಿಲ್ಲ” ಎಂಬ ಒಂದು ಮಾತಿನಿಂದ ನಿರಪರಾಧಿಯಾಗುವನೋ? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ.

ಇದು ದೂರದೇಶದವರಿಗೆ ಮಾತ್ರ ಸಂಬಂಧಪಟ್ಟ ಮಾತಲ್ಲ. ವೈ.ಎನ್.ಹೊಸಕೋಟೆಯವರಾದ ನಮ್ಮ ಪಾವಗಡ ತಾಲೂಕಿನಲ್ಲಿಯೇ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಗ್ರಾಮಗಳ ಎಲ್ಲೆಯೊಳಗೆ ಸುಮಾರು 13,000 ಎಕರೆ ಭೂಮಿಯು ಗಾಜಿನ ಹಲಗೆಗಳಿಂದ ಮುಚ್ಚಲ್ಪಟ್ಟು ಬಿಸಿಲಿನಿಂದ ವಿದ್ಯುತ್ತನ್ನು ಹುಟ್ಟಿಸುತ್ತಿರುವದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಇದಕ್ಕಾಗಿ 2015ರಲ್ಲಿ ಒಂದು ಸರಕಾರೀ ಕಂಪೆನಿ ಸ್ಥಾಪನೆಯಾಯಿತು. 2018ರ ಮಾರ್ಚ್ 1ರಂದು ಮೊದಲನೆಯ ಭಾಗದ ಉದ್ಘಾಟನೆಯಾಯಿತು. 2019ರ ಕಡೆಯಲ್ಲಿ 2,050 ಮೆಗಾವ್ಯಾಟಿನ ಕೆಲಸವು ಪೂರ್ತಿಯಾಯಿತು. ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರುಷಕ್ಕೆ 21,000 ರೂಪಾಯಿಯಂತೆ, ಎರಡು ವರುಷಕ್ಕೊಮ್ಮೆ ನೂರಕ್ಕೆ 5ರಂತೆ ಹೆಚ್ಚಿಸುತ್ತಾ, ಗುತ್ತಿಗೆಗೆ ಹಿಡಿದರು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ, ವರುಷ ಬಿಟ್ಟು ವರುಷ ಬೀಜದ ಸಾಲವನ್ನು ಸಹ ತೀರಿಸಲಾರದೆ ಇದ್ದ ರೈತನಿಗೆ ಇದು ಸಣ್ಣ ಉಪಕಾರವಲ್ಲ. ಆ ಹಣದಿಂದ ಮಕ್ಕಳು ಓದಿದರು. ಬೆಂಗಳೂರಿಗೆ ಗುಳೆ ಹೋಗಬೇಕಾಗಿದ್ದ ಕೆಲವರು ಊರಲ್ಲೇ ಉಳಿದರು. ಇದನ್ನು ಮರೆತು ಬರೆಯುವವನು ಸತ್ಯವನ್ನು ಬರೆಯುವವನಲ್ಲ. ಹೊಗೆಯಿಲ್ಲದೆ, ಕಲ್ಲಿದ್ದಲನ್ನು ಸುಡದೆ ದೀಪವುರಿಯುವದು ಒಳ್ಳೆಯದೆಂಬದನ್ನು ಒಪ್ಪತಕ್ಕದ್ದೇ.

ಆದರೆ ಆ ಭೂಮಿಯು ಮುಂಚೆ ಏನಾಗಿತ್ತು? ಕಾಗದವನ್ನು ಕೇಳಿದರೆ ಖುಷ್ಕಿ, ಬಂಜರು, ಖರಾಬು, ಗೋಮಾಳ ಎಂದು ಹೇಳುತ್ತದೆ. ಕುರಿ ಕಾಯುವವನನ್ನು ಕೇಳಿದರೆ ಬೇರೆ ಉತ್ತರ ಸಿಕ್ಕುವದು. ನಮ್ಮ ಸೀಮೆಯ ಇಂಥ ಬಯಲುಗಳಲ್ಲಿ ಸಣ್ಣ ನರಿಯು ಬದುವಿನ ಮಗ್ಗುಲಲ್ಲಿ ಬಿಲ ತೋಡುತ್ತದೆ; ಮುಳ್ಳುಹಂದಿಯು ಹಳ್ಳದ ದಡವನ್ನು ಕೊರೆಯುತ್ತದೆ; ಹುತ್ತದಲ್ಲಿ ಉಡವು ಸೇರಿಕೊಳ್ಳುತ್ತದೆ; ಚಿಪ್ಪುಹಂದಿಯು ಇರುವೆ ಗೆದ್ದಲುಗಳನ್ನು ತಿಂದು ಹಗಲೆಲ್ಲಾ ನೆಲದೊಳಗೆ ಮಲಗುತ್ತದೆ; ಗೌಜಲಹಕ್ಕಿಯು ಹುಲ್ಲಿನ ಬುಡದಲ್ಲಿ ಮೊಟ್ಟೆಯಿಡುತ್ತದೆ. ಪಹಣಿಯಲ್ಲಿ ಬೆಳೆಗೆ ಒಂದು ಕಲಂ ಉಂಟು, ಖರಾಬಿಗೆ ಒಂದು ಕಲಂ ಉಂಟು, ಋಣಕ್ಕೆ ಒಂದು ಕಲಂ ಉಂಟು, ಬಿಲಕ್ಕೆ ಕಲಮಿಲ್ಲ. ಆದಕಾರಣ ಕಾಗದವನ್ನು ಮಾತ್ರ ನೋಡುವವನಿಗೆ ಆ ನೆಲವು ಬರಿದಾಗಿಯೇ ಕಾಣುವದು.

ಬರಿದೆಂದು ಕಾಣುವ ನೆಲವನ್ನು ನಿಂತು ನೋಡಿದರೆ ಏನಾಗುತ್ತದೆಂಬದಕ್ಕೆ ದೃಷ್ಟಾಂತವು ನಮ್ಮ ನೆರೆಯ ಮಧುಗಿರಿ ತಾಲೂಕಿನಲ್ಲಿಯೇ ಇದೆ. ಮೈದನಹಳ್ಳಿಯ ಹುಲ್ಲುಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿರುವದನ್ನು ಕಂಡವರು ಅದನ್ನು ಬರೆದಿಟ್ಟರು, ಸರಕಾರಕ್ಕೆ ತಿಳಿಸಿದರು. 2007ರಲ್ಲಿ ಸುಮಾರು 798 ಎಕರೆಯಷ್ಟು ಭೂಮಿಯು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಆ ಬಯಲಿಗೂ ನಮ್ಮ ಬಯಲಿಗೂ ಮಣ್ಣಿನಲ್ಲಿ, ಮಳೆಯಲ್ಲಿ, ಹುಲ್ಲಿನಲ್ಲಿ ಹೆಚ್ಚು ಭೇದವಿಲ್ಲ. ಒಂದನ್ನು ಯಾರೋ ನೋಡಿದರು ಎಂಬದೇ ದೊಡ್ಡ ಭೇದ.

ಹಾಗಾದರೆ ನೋಡಬೇಕೆಂದು ಕಾನೂನು ಹೇಳುವದಿಲ್ಲವೋ ಎಂದು ನೀವು ಕೇಳಬಹುದು. ಭಾರತ ಸರಕಾರವು 2006ರ ಸೆಪ್ಟೆಂಬರ್ 14ರಂದು ಒಂದು ಅಧಿಸೂಚನೆಯನ್ನು ಹೊರಡಿಸಿ, ಗಣಿ, ಅಣೆಕಟ್ಟು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಹೆದ್ದಾರಿ ಮೊದಲಾದ ಕೆಲಸಗಳನ್ನು ಆರಂಭಿಸುವದಕ್ಕಿಂತ ಮುಂಚೆ ಅವುಗಳಿಂದ ನೆಲ, ನೀರು, ಜೀವಜಂತುಗಳಿಗೆ ಏನಾಗುವದೆಂದು ಪರಿಶೀಲಿಸಿ ಅಪ್ಪಣೆ ಪಡೆಯತಕ್ಕದ್ದೆಂದು ವಿಧಿಸಿತು. ಆದರೆ ಬಿಸಿಲಿನಿಂದ ವಿದ್ಯುತ್ತು ಹುಟ್ಟಿಸುವ ಕೆಲಸವು ಆ ಪಟ್ಟಿಯಲ್ಲಿರಲಿಲ್ಲ; 2011ರಲ್ಲಿಯೂ 2017ರಲ್ಲಿಯೂ ಸರಕಾರವು ಅದನ್ನು ಸ್ಪಷ್ಟವಾಗಿ ಹೇಳಿತು. ಇದಕ್ಕೆ ಕಾರಣವು ಕೆಟ್ಟದ್ದೇನಲ್ಲ. ಹೊಗೆ ಬಿಡದ ಕೆಲಸಕ್ಕೆ ಅಡ್ಡಿಗಳು ಕಡಿಮೆಯಾಗಲಿ ಎಂಬದೇ ಅದರ ಅಭಿಪ್ರಾಯ. ಹೀಗಿರಲಾಗಿ 13,000 ಎಕರೆಯ ಕೆಲಸಕ್ಕೆ ಮುಂಚೆ ಬಿಲಗಳನ್ನು ಹುಡುಕಿ ಎಣಿಸತಕ್ಕದ್ದೆಂದು ಆ ಅಧಿಸೂಚನೆಯು ಯಾರನ್ನೂ ಬಲವಂತಪಡಿಸಲಿಲ್ಲ. ಸರಪಣಿ ಹಿಡಿದ ಸರ್ವೆಯವರು ಬಂದು ನೆಲವನ್ನು ಅಳೆಯುವದು ಕಡ್ಡಾಯ. ನೆಲದೊಳಗೆ ಮಲಗಿರುವದನ್ನು ಕೇಳುವದು ಕಡ್ಡಾಯವಲ್ಲ.

ಇದಕ್ಕೆ ಎದುರಾಗಿ ಇಂಗ್ಲೆಂಡಿನಲ್ಲಿ ನಡೆಯುವ ಪದ್ಧತಿಯೊಂದನ್ನು ನೋಡೋಣ. ಅಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಯುಂಟು. ಮುಖದಲ್ಲಿ ಕಪ್ಪು ಬಿಳುಪು ಪಟ್ಟೆ, ಗಿಡ್ಡ ಕಾಲು, ಬಲವಾದ ಉಗುರು. ಹಗಲೆಲ್ಲಾ ಬಿಲದಲ್ಲಿದ್ದು ರಾತ್ರಿ ಹೊರಡುತ್ತದೆ. ತಾತಮುತ್ತಾತಂದಿರ ಕಾಲದ ಬಿಲದಲ್ಲಿಯೇ ಮರಿಮಕ್ಕಳೂ ಬಾಳುವದುಂಟು. 1992ರ ಒಂದು ಕಾಯಿದೆಯ ಪ್ರಕಾರ ಈ ಪ್ರಾಣಿಯನ್ನು ಕೊಲ್ಲುವದು ಮಾತ್ರವಲ್ಲ, ಅದು ವಾಸಮಾಡುತ್ತಿರುವ ಬಿಲವನ್ನು ಕೆಡಿಸುವದೂ ಅಪರಾಧ. ಆದಕಾರಣ ಮನೆಗಳನ್ನಾಗಲಿ ರಸ್ತೆಯನ್ನಾಗಲಿ ಕಟ್ಟುವದಕ್ಕೆ ಪರವಾನಿಗೆ ಕೇಳುವವನು, ಬ್ಯಾಡ್ಜರುಗಳಿರುವ ಸಂಭವವುಳ್ಳ ಸ್ಥಳವಾದರೆ, ಮೊದಲು ತಿಳಿದವರನ್ನು ಕರೆದು ಆ ನೆಲವನ್ನು ಹುಡುಕಿಸಬೇಕು. ಅವರು ಬೇಲಿಯ ಸಾಲು ಹಿಡಿದು ನಡೆಯುತ್ತಾರೆ. ಬಿಲದ ಬಾಯಿ, ಅದರ ಮುಂದೆ ಬಿದ್ದ ಹೊಸ ಮಣ್ಣಿನ ಗುಡ್ಡೆ, ಹಾಸಿಗೆಗಾಗಿ ಎಳೆದುಕೊಂಡು ಹೋದ ಒಣಹುಲ್ಲು, ಮಲವಿಡುವ ಸಣ್ಣ ಗುಳಿಗಳು, ತಂತಿಗೆ ಸಿಕ್ಕಿದ ಕೂದಲು, ಕೆಸರಿನಲ್ಲಿ ಹೆಜ್ಜೆ, ಇವುಗಳನ್ನು ನೋಡಿ ಬರೆದುಕೊಳ್ಳುತ್ತಾರೆ. ಯಾವ ಬಿಲದವು ಎಲ್ಲಿಯ ವರೆಗೆ ಮೇಯುತ್ತವೆಂದು ತಿಳಿಯುವದಕ್ಕೆ ಒಂದು ಉಪಾಯ ಮಾಡುತ್ತಾರೆ. ಕಡಲೆಕಾಯಿ ಬೀಜವನ್ನು ಸಕ್ಕರೆಪಾಕದಲ್ಲಿ ಕಲಸಿ, ಅದರೊಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಹರಳುಗಳನ್ನು ಸೇರಿಸಿ, ಒಂದೊಂದು ಬಿಲದ ಬಳಿ ಒಂದೊಂದು ಬಣ್ಣದ್ದನ್ನು ಇಡುತ್ತಾರೆ. ಜೀರ್ಣವಾಗದ ಆ ಹರಳು ಯಾವ ಗುಳಿಯ ಮಲದಲ್ಲಿ ಕಂಡಿತೋ ಅಲ್ಲಿಯ ವರೆಗೆ ಆ ಮನೆಯವುಗಳ ಸರಹದ್ದು. ನಮ್ಮ ಹೊಲದ ಕಡಲೆಕಾಯಿಯನ್ನು ಇಂಥ ಕೆಲಸಕ್ಕೂ ಉಪಯೋಗಿಸಬಹುದೆಂದು ಯಾರು ನೆನಸಿದ್ದರು!

ಬಿಲವು ಕಂಡುಬಂದ ಮಾತ್ರಕ್ಕೆ ಮನೆ ಕಟ್ಟಬಾರದೆಂದು ಅಲ್ಲಿಯವರು ಹೇಳುವದಿಲ್ಲ. ಸಾಧ್ಯವಾದರೆ ಗೋಡೆಯನ್ನು ಅತ್ತ ಸರಿಸುತ್ತಾರೆ. ಸಾಧ್ಯವಾಗದಿದ್ದರೆ ಅಧಿಕಾರಿಗಳಿಂದ ಅಪ್ಪಣೆ ಪಡೆದು, ಹೊರಗೆ ಹೋಗಬಹುದು ಒಳಗೆ ಬರಲಾಗದು ಎಂಬಂತೆ ಒಂದೇ ಕಡೆಗೆ ತೆರೆಯುವ ಬಾಗಿಲನ್ನು ಬಿಲದ ಬಾಯಿಗೆ ಕೂಡಿಸಿ, 21 ದಿವಸ ಕಾದು, ಎಲ್ಲವೂ ಹೊರಟುಹೋದವೆಂದು ಖಂಡಿತವಾದ ಮೇಲೆ ಬಿಲವನ್ನು ಮುಚ್ಚುತ್ತಾರೆ. ಇದನ್ನು ಸಾಮಾನ್ಯವಾಗಿ ಜುಲೈಯಿಂದ ನವೆಂಬರ್ ಪರಿಯಂತ ಮಾತ್ರ ಮಾಡಬಹುದು. ಯಾಕಂದರೆ ಮರಿಗಳು ಹುಟ್ಟುವದು ಚಳಿಗಾಲದ ಕೊನೆಯಲ್ಲಿ, ಮತ್ತು ನಡೆಯಲಾರದ ಮರಿಗೆ ಬಾಗಿಲು ತೆರೆದಿದ್ದರೂ ಪ್ರಯೋಜನವಿಲ್ಲ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಬ್ಯಾಡ್ಜರು ಆ ದೇಶದಲ್ಲಿ ಅಳಿದುಹೋಗುತ್ತಿರುವ ಪ್ರಾಣಿಯಲ್ಲ, ಬೇಕಾದಷ್ಟಿವೆ. ಅಪರೂಪವಾದದ್ದನ್ನು ಉಳಿಸುವದಕ್ಕಾಗಿ ಆ ಕಾಯಿದೆ ಹುಟ್ಟಲಿಲ್ಲ. ಬಿಲವನ್ನು ಅಗೆದು ಬ್ಯಾಡ್ಜರನ್ನು ಹೊರಗೆಳೆದು ನಾಯಿಗಳನ್ನು ಬಿಟ್ಟು ಕಚ್ಚಿಸಿ ನೋಡುವದು ಕೆಲವರಿಗೆ ವಿನೋದವಾಗಿತ್ತು. ಆ ಕ್ರೌರ್ಯವನ್ನು ನಿಲ್ಲಿಸುವದಕ್ಕಾಗಿ ಅದು ಹುಟ್ಟಿತು. ಅಂದರೆ ಪ್ರಶ್ನೆಯು “ಎಷ್ಟು ಉಳಿದಿವೆ?” ಎಂಬದಲ್ಲ, “ಬದುಕಿರುವದನ್ನು ಜೀವಸಹಿತ ಹೂಳಬಹುದೋ?” ಎಂಬದು. ಲೆಕ್ಕಕ್ಕೆ ಬೆಲೆಯುಳ್ಳದ್ದು ಅಪರೂಪವಾದದ್ದು ಮಾತ್ರ ಎಂದು ನಾವು ನೆನಸುತ್ತೇವೆ. ಅದು ಸರಿಯಲ್ಲ.

ಆ ದೇಶದವರು ಇದರಲ್ಲಿ ನಿರ್ದೋಷಿಗಳೆಂದು ನಾನು ಹೇಳುತ್ತಿಲ್ಲ. ದನಗಳಿಗೆ ಕ್ಷಯರೋಗವನ್ನು ಹರಡುತ್ತವೆಂಬ ಕಾರಣದಿಂದ 2013ರಿಂದೀಚೆಗೆ ಇಂಗ್ಲೆಂಡಿನಲ್ಲಿ ಸರಕಾರದ ಅಪ್ಪಣೆಯಿಂದಲೇ 2 ಲಕ್ಷಕ್ಕೂ ಹೆಚ್ಚು ಬ್ಯಾಡ್ಜರುಗಳು ಕೊಲ್ಲಲ್ಪಟ್ಟಿವೆ. ಅದು ನ್ಯಾಯವೋ ಅಲ್ಲವೋ ಎಂಬ ವಾದವು ಅಲ್ಲಿ ಬಹಳ ಬಿಸಿಯಾಗಿ ನಡೆಯಿತು. ಹಾಗಾದರೆ ಒಂದು ಕೈಯಿಂದ ಬಿಲವನ್ನು ಕಾಯುತ್ತಾ ಇನ್ನೊಂದು ಕೈಯಿಂದ ಕೊಲ್ಲುವದು ಕಪಟವಲ್ಲವೋ? ಕಪಟವು ಇರಬಹುದು. ಆದರೂ ಒಂದು ವ್ಯತ್ಯಾಸವನ್ನು ನೋಡಿರಿ. ಕೊಂದದ್ದನ್ನು ಎಣಿಸಿದರು, ಎಣಿಸಿದ್ದನ್ನು ಅಚ್ಚುಹಾಕಿದರು, ಅಚ್ಚುಹಾಕಿದ್ದನ್ನು ಓದಿದ ಜನರು ಎದ್ದು ಪ್ರಶ್ನೆ ಕೇಳಿದರು. ನೋಡುವದು ತಾನೇ ನೀತಿಯಲ್ಲ; ಆದರೆ ನೋಡದೆ ಇರುವಲ್ಲಿ ನೀತಿಯ ಮಾತು ಆರಂಭವಾಗುವದೇ ಇಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. “ನನಗೆ ತಿಳಿದಿರಲಿಲ್ಲ” ಎಂಬ ಮಾತಿನಲ್ಲಿ ಎರಡು ವಿಧವುಂಟು. ಒಬ್ಬನು ತನ್ನ ಹಳೆಯ ಹುಲ್ಲಿನ ಬಣವೆಗೆ ಬೆಂಕಿಯಿಡುತ್ತಾನೆಂದು ನೆನಸಿರಿ. ಊರಿನ ಹುಡುಗರು ಬಣವೆಯ ಸಂದಿನಲ್ಲಿ ಅವಿತುಕೊಂಡು ಆಡುವದು ಅವನಿಗೆ ಗೊತ್ತು. ಅವನು ಸುತ್ತಲೂ ಹೋಗಿ, “ಒಳಗೆ ಯಾರಾದರೂ ಇದ್ದೀರಾ?” ಎಂದು ಕೂಗಿ, ಕೋಲಿನಿಂದ ತಟ್ಟಿ ನೋಡಿ, ಆಮೇಲೆ ಬೆಂಕಿಯಿಟ್ಟನು. ಅಷ್ಟಾದರೂ ಮಗುವೊಂದಕ್ಕೆ ಅಪಾಯವಾದರೆ ಊರೆಲ್ಲಾ ಅವನ ಸಂಗಡ ಅಳುವದು. ಇನ್ನೊಬ್ಬನು ಕೂಗದೆ, ನೋಡದೆ ಬೆಂಕಿಯಿಟ್ಟು, ಆಮೇಲೆ “ನನಗೆ ತಿಳಿದಿರಲಿಲ್ಲ” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ನಿಜವಾಗಿಯೂ ಅವನಿಗೆ ತಿಳಿದಿರಲಿಲ್ಲ. ಆದರೂ ಯಾವ ಊರೂ ಅವನನ್ನು ಬಿಡದು. ಯಾಕಂದರೆ ಅವನ ಅಜ್ಞಾನವು ಅವನಿಗೆ ಮೇಲಿನಿಂದ ಬಿದ್ದದ್ದಲ್ಲ, ಅವನೇ ಬೇಕೆಂದು ಇಟ್ಟುಕೊಂಡದ್ದು. ಕೂಗುವದಕ್ಕೆ ಒಂದು ನಿಮಿಷ ಸಾಕಾಗಿತ್ತು. ತಿಳಿಯಬಹುದಾಗಿದ್ದಾಗ ತಿಳಿಯದಿರಲಿ ಎಂದು ಕಣ್ಣು ಮುಚ್ಚಿಕೊಂಡವನ ಅಜ್ಞಾನವು ಅವನ ತಪ್ಪನ್ನು ಮುಚ್ಚಲಾರದು; ಅದು ಆ ತಪ್ಪಿನ ಮೊದಲನೆಯ ಭಾಗವೇ ಆಗಿದೆ. ನರಿಮರಿಯೂ ಮನುಷ್ಯನ ಮಗುವೂ ಸಮವೆಂದು ನಾನು ಹೇಳುವದಿಲ್ಲ. ನಷ್ಟದ ತೂಕ ಬೇರೆ. ನೋಡದಿರುವ ಮನಸ್ಸು ಮಾತ್ರ ಒಂದೇ.

“ಆದರೆ ಅಲ್ಲಿ ಏನೂ ಇರಲಿಲ್ಲ, ನಾವು ಎಂದೂ ಏನನ್ನೂ ಕಂಡಿಲ್ಲ” ಎಂದು ಹೇಳುವವರಿಗೆ ಒಂದು ದೃಷ್ಟಾಂತ. ಇಂಗ್ಲೆಂಡಿನ ಬ್ಯಾಡ್ಜರಿನ ದೂರದ ನೆಂಟನೆನ್ನಬಹುದಾದ ತರಕರಡಿ ಎಂಬ ಪ್ರಾಣಿಯು ನಮ್ಮ ನಾಡಿನಲ್ಲಿಯೂ ಉಂಟು. ಬೆನ್ನೆಲ್ಲಾ ಬೂದುಬಿಳುಪು, ಹೊಟ್ಟೆಯೂ ಕಾಲುಗಳೂ ಕಪ್ಪು. ಜೇನನ್ನೂ ಇಲಿಹೆಗ್ಗಣಗಳನ್ನೂ ತಿಂದು, ಗಟ್ಟಿನೆಲವನ್ನೂ ಕ್ಷಣಮಾತ್ರದಲ್ಲಿ ತೋಡಬಲ್ಲ ಪ್ರಾಣಿ. ಇದು 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹೆಸರು ಪಡೆದದ್ದು. ಆದರೂ ಕಾವೇರಿ ವನ್ಯಧಾಮದಲ್ಲಿ ಸಂಜಯ ಗುಬ್ಬಿಯವರೂ ಅವರ ಸಂಗಡಿಗರೂ ಮರಗಳಿಗೆ ಕಟ್ಟಿದ ಕ್ಯಾಮರಾಗಳಲ್ಲಿ 2014ರಲ್ಲಿ ಅದರ ಚಿತ್ರವು ಮೂಡಿದಾಗ ವನ್ಯಜೀವಿಗಳನ್ನು ಬಲ್ಲವರೇ ಆಶ್ಚರ್ಯಪಟ್ಟರು. ಅದು ಆ ರಾತ್ರಿ ಆಕಾಶದಿಂದ ಇಳಿದು ಬಂದದ್ದಲ್ಲ. ನಾವು ಮಲಗಿದ್ದಾಗ ಅದು ತಿರುಗುತ್ತಿತ್ತು, ಅಷ್ಟೇ. ಕಾಣದ್ದೆಲ್ಲಾ ಇಲ್ಲದ್ದಲ್ಲವೆಂಬದನ್ನು ರಾತ್ರಿ ಸಂಚರಿಸುವ ಪ್ರಾಣಿಯ ವಿಷಯದಲ್ಲಿ ನೆನಪಿಡತಕ್ಕದ್ದು.

ಇನ್ನು ಆಕ್ಷೇಪಣೆಗಳನ್ನು ನೋಡೋಣ. ಮೊದಲನೆಯದು: ಹೊಟ್ಟೆಗಿಲ್ಲದ ಸೀಮೆಗೆ ಕೆಲಸ ಬಂದಾಗ ನರಿಯ ಬಿಲಕ್ಕಾಗಿ ಅದನ್ನು ನಿಲ್ಲಿಸುವದೋ? ನಿಲ್ಲಿಸಬೇಕಾಗಿಲ್ಲ. ಮುಂಚೆಯೇ ನೋಡಿದರೆ ಸಾಮಾನ್ಯವಾಗಿ ಬೇಕಾಗುವದು ಬಹಳ ಕಡಿಮೆ. ಹಳ್ಳದ ದಡದಲ್ಲಿ ಒಂದು ಪಟ್ಟಿಯನ್ನು ಬಿಡುವದು, ಮರಿಗಳಿರುವ ತಿಂಗಳಲ್ಲಿ ಜೆಸಿಬಿಯನ್ನು ತಡೆಯುವದು, ಬೇಲಿಯ ಅಡಿಯಲ್ಲಿ ಸಣ್ಣ ಪ್ರಾಣಿಗಳು ನುಸುಳುವಷ್ಟು ಸಂದು ಬಿಡುವದು. ಖರ್ಚು ದೊಡ್ಡದಾಗುವದು ತಡವಾಗಿ ನೋಡಿದಾಗಲೇ. ಎರೆಭೂತವೆಂದು ನಮ್ಮವರು ಕರೆಯುವ ದೊಡ್ಡ ನೆಲಹಕ್ಕಿಯು ರಾಜಸ್ಥಾನ, ಗುಜರಾತುಗಳಲ್ಲಿ ವಿದ್ಯುತ್ತಿನ ತಂತಿಗಳಿಗೆ ಬಡಿದು ಸಾಯುತ್ತಿದ್ದದರಿಂದ ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲಿನಲ್ಲಿ ತಂತಿಗಳನ್ನು ಸಾಧ್ಯವಿದ್ದಲ್ಲೆಲ್ಲಾ ನೆಲದೊಳಗೆ ಹಾಕಬೇಕೆಂದು ಆಜ್ಞಾಪಿಸಿತು. ಅಷ್ಟು ವಿಸ್ತಾರದಲ್ಲಿ ಅದು ಆಗದ ಕೆಲಸವೆಂದು ಸರಕಾರವು ಹೇಳಿಕೊಂಡ ಮೇಲೆ 2024ರ ಮಾರ್ಚಿನಲ್ಲಿ ಆ ಆಜ್ಞೆಯನ್ನು ಬದಲಾಯಿಸಿ, ಬಲ್ಲವರ ಸಮಿತಿಯೊಂದನ್ನು ನೇಮಿಸಿತು. ಬಿಸಿಲಿನ ವಿದ್ಯುತ್ತೂ ಬೇಕು, ಹಕ್ಕಿಯೂ ಬೇಕು ಎಂಬ ಕಗ್ಗಂಟನ್ನು ಕಂಬ ನೆಟ್ಟ ಮೇಲೆ ಬಿಚ್ಚುವದು ಎಷ್ಟು ಕಷ್ಟವೆಂಬದನ್ನು ಇದರಿಂದ ತಿಳಿಯಬಹುದು.

ಎರಡನೆಯ ಆಕ್ಷೇಪಣೆಯು ಇನ್ನೂ ಬಲವಾದದ್ದು. ಅದನ್ನು ಕೇಳತಕ್ಕವರು ನಮ್ಮ ಸಭೆಗಳಲ್ಲಿಯೇ ಇದ್ದಾರೆ. “ಅಯ್ಯನವರೇ, ನರಿಯ ಬಿಲವನ್ನು ಕೇಳಲಿಲ್ಲವೆಂದು ನೀವು ವ್ಯಥೆಪಡುತ್ತೀರಿ. ನಮ್ಮನ್ನು ಯಾರು ಕೇಳಿದರು? ಭೂಮಿಯಿದ್ದವನಿಗೆ ಗುತ್ತಿಗೆಯ ಹಣ ಬಂತು. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದ ನಮಗೆ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ತಂತಿಬೇಲಿ ಬಂತು.” ಈ ಮಾತಿಗೆ ಉತ್ತರ ಕೊಡುವವನು ತಲೆ ತಗ್ಗಿಸಿ ಉತ್ತರ ಕೊಡಬೇಕು. ಪ್ರಾಣಿಯ ಮೇಲಣ ಕರುಣೆಯಿಂದ ಬಡವನನ್ನು ಮರೆಯುವವರು ಲೋಕದಲ್ಲಿ ಉಂಟು. ಅಂಥ ಕರುಣೆಯು ಅರ್ಧ ಕುರುಡು. ಆದರೆ ಸ್ವಲ್ಪ ಯೋಚಿಸಿರಿ. ಪಹಣಿಯಲ್ಲಿ ಬಿಲಕ್ಕೆ ಕಲಮಿಲ್ಲವೆಂದೆನು; ಕೂಲಿಯವನಿಗೂ ಕುರಿಯವನಿಗೂ ಕಲಮಿದೆಯೋ? ಅಲ್ಲಿ ಹೆಸರಿಲ್ಲದವನು ಇಲ್ಲವೇ ಇಲ್ಲವೆಂದು ಎಣಿಸುವ ಕಣ್ಣು ಒಂದೇ ಕಣ್ಣು. ಅದಕ್ಕೆ ನರಿಯೂ ಕಾಣದು, ನರಿ ಎಲ್ಲಿ ಮರಿಯಿಡುತ್ತದೆಂದು ಬಲ್ಲ ಕುರುಬನೂ ಕಾಣನು. ನಿಜವಾಗಿ ಬಿಲಗಳನ್ನು ಹುಡುಕಬೇಕೆಂದಿರುವವನು ಮೊದಲು ಆ ಕುರುಬನ ಹತ್ತಿರ ಬಂದು ಕೇಳಲೇಬೇಕಾಗುವದು. ಹೀಗೆ ಒಂದು ನೋಟವು ಇನ್ನೊಂದು ನೋಟಕ್ಕೆ ದಾರಿ ಮಾಡುವದು. ಆ ತೋಟವನ್ನು ಇನ್ನೂ ಹಿಗ್ಗಿಸಬೇಕೆಂಬ ಮಾತು ಸರಕಾರದ ಕಡೆಯಿಂದ ಕೇಳಬಂದಿದೆ. ಅಂಥ ಮಾತು ನಮ್ಮ ಗ್ರಾಮಸಭೆಗೆ ಬಂದಾಗ, “ಗುತ್ತಿಗೆ ಎಷ್ಟು?” ಎಂಬ ಪ್ರಶ್ನೆಯ ಸಂಗಡ “ಈ ನೆಲದಲ್ಲಿ ಯಾರು ಯಾರು ಬದುಕುತ್ತಿದ್ದಾರೆಂದು ನೋಡಿದ್ದೀರೋ?” ಎಂಬ ಪ್ರಶ್ನೆಯನ್ನೂ ಕೇಳುವದಕ್ಕೆ ಭೂಮಿಯಿಲ್ಲದವನಿಗೂ ಬಾಯಿ ಉಂಟು.

ಮೂರನೆಯದು: ಮನುಷ್ಯನಿಗೆ ಪ್ರಾಣಿಗಳ ಮೇಲೆ ಅಧಿಕಾರ ಕೊಟ್ಟಿದೆಯಲ್ಲಾ ಎಂಬದು. ಕೊಟ್ಟದ್ದು ನಿಜ. ಆದರೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆರೆದು ನೋಡಿರಿ; ದಾರಿಯಲ್ಲಿ ಕಂಡ ಹಕ್ಕಿಯ ಗೂಡಿನ ವಿಷಯವಾಗಿ ಅಲ್ಲಿ ಒಂದು ಸಣ್ಣ ಕಟ್ಟಳೆಯುಂಟು. ಮರಿಗಳನ್ನು ತೆಗೆದುಕೊಳ್ಳುವದಕ್ಕೆ ಅಪ್ಪಣೆಯಿದೆ. ತಾಯಿಯನ್ನು ಮಾತ್ರ ಬಿಡತಕ್ಕದ್ದು. ಹಸಿದವನ ಕೈಯನ್ನು ಅದು ಕಟ್ಟಲಿಲ್ಲ, ಆದರೆ ಆ ಕೈಗೆ ಒಂದು ಎಲ್ಲೆಯನ್ನು ಇಟ್ಟಿತು. ಮತ್ತು ಆ ಎಲ್ಲೆಯನ್ನು ಕಾಯಬೇಕಾದರೆ ಗೂಡಿನಲ್ಲಿ ಕೂತಿರುವದು ತಾಯಿಯೋ ಮರಿಯೋ ಎಂದು ಮೊದಲು ಬಗ್ಗಿ ನೋಡಲೇಬೇಕಲ್ಲವೋ? ಇನ್ನೊಬ್ಬರ ಆಸ್ತಿಯನ್ನು ನೋಡಿಕೊಳ್ಳುವ ಪಾರುಪತ್ಯಗಾರನು ಏನನ್ನಾದರೂ ಖರ್ಚುಮಾಡಬಹುದು. ಖರ್ಚಾದದ್ದು ಏನೆಂದು ತನಗೆ ಗೊತ್ತೇ ಇಲ್ಲವೆಂದು ಮಾತ್ರ ಯಜಮಾನನಿಗೆ ಹೇಳಲಾರನು.

ದೊಡ್ಡ ಕಂಪೆನಿಗಳ ತಪ್ಪನ್ನು ಎಣಿಸಿ ಮುಗಿಸಿದರೆ ಸಾಲದು. ನಾವೂ ಅಗೆಯುವವರೇ. ಬದು ಸರಿಮಾಡಬೇಕೆಂದು ಗಂಟೆಯ ಲೆಕ್ಕದಲ್ಲಿ ಜೆಸಿಬಿ ಕರಸುತ್ತೇವೆ, ಬೇಲಿಸಾಲಿಗೆ ಬೆಂಕಿಯಿಡುತ್ತೇವೆ, ಬಾವಿ ತೋಡುತ್ತೇವೆ, ಪ್ರಾರ್ಥನಾಮಂದಿರಕ್ಕೆ ಸುತ್ತುಗೋಡೆ ಹಾಕುತ್ತೇವೆ. ಮುಂಗಾರಿಗೆ ಮುಂಚೆ ನೆಲವನ್ನು ಹದಮಾಡುವ ಬೇಸಗೆಯೇ ನಮ್ಮ ಬಯಲಿನ ನರಿಗೆ ಬಿಲದಲ್ಲಿ ಮರಿಗಳಿರುವ ಕಾಲವೆಂಬದು ನೆನಪಿರಲಿ. ಆದಕಾರಣ ಯಂತ್ರ ಬರುವದಕ್ಕೆ ಒಂದೆರಡು ವಾರ ಮುಂಚೆ ಬೆಳಿಗ್ಗೆ ಬೇಗನೆ ಎದ್ದು ಆ ನೆಲದ ಸುತ್ತಲೂ ಒಮ್ಮೆ ನಡೆಯಿರಿ. ಬಿಲದ ಬಾಯಲ್ಲಿ ಜೇಡರ ಬಲೆ ಕಟ್ಟಿದೆಯೋ, ಹೊಸ ಮಣ್ಣು ಬಿದ್ದಿದೆಯೋ ನೋಡಿರಿ. ಹೆಜ್ಜೆ, ಲದ್ದಿ, ಕೂದಲು, ಎಲುಬಿನ ಚೂರುಗಳನ್ನು ನೋಡಿರಿ. ಸಂಶಯವಿದ್ದರೆ ಬಾಯಿಗೆ ನಾಲ್ಕು ಒಣಕಡ್ಡಿ ನಿಲ್ಲಿಸಿ ಮರುದಿವಸ ಬಂದು ನೋಡಿರಿ. ಕಡ್ಡಿ ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ. ಕುರಿ ಕಾಯುವವನನ್ನು ಕೇಳಿರಿ. ಅವನಿಗಿಂತ ಬಲ್ಲ ಸರ್ವೆಯವನು ಆ ನೆಲಕ್ಕೆ ಇಲ್ಲ. ಇದ್ದದ್ದು ಮರಿಗಳ ತಾಯಿಯಾದರೆ ಒಂದು ತಿಂಗಳು, ಹೆಚ್ಚಾದರೆ ಎರಡು ತಿಂಗಳು ಆ ಮೂಲೆಯನ್ನು ಬಿಟ್ಟು ಉಳಿದದ್ದನ್ನು ಅಗೆಯಿರಿ. ಇದಕ್ಕೆ ಹಣ ಬೇಡ, ಇಂಗ್ಲಿಷ್ ಬೇಡ, ಕಾಯಿದೆಯೂ ಬೇಡ.

ಕಡೆಯಲ್ಲಿ ನಾವು ಅಗೆಯುವದೇ ಆಗಬಹುದು. ಬಾವಿ ಬೇಕು, ಮನೆ ಬೇಕು, ದೀಪ ಬೇಕು. ಎಲ್ಲಾ ಬಿಲಗಳನ್ನೂ ಉಳಿಸುವದಕ್ಕೆ ಆಗದು. ಆದರೂ ನೋಡಿ ಅಗೆದವನಿಗೂ ನೋಡದೆ ಅಗೆದವನಿಗೂ ಭೇದವುಂಟು. ನೋಡಿದವನಿಗೆ ತಾನು ಏನನ್ನು ತೆಗೆದುಕೊಂಡೆನೆಂದು ಗೊತ್ತಿರುವದು, ಮತ್ತು ಇನ್ನೊಂದು ಸಾರಿ ಅವನ ಕೈ ಅಗತ್ಯಕ್ಕಿಂತ ಹೆಚ್ಚಾಗಿ ಚಾಚಿಕೊಳ್ಳದು. ಮುಂದಿನ ಬೇಸಗೆಯಲ್ಲಿ ನಿಮ್ಮ ಹೊಲಕ್ಕೆ ಯಂತ್ರ ಬಂದಾಗ, ಅದರ ಶಬ್ದಕ್ಕಿಂತ ಮುಂಚೆ ನಿಮ್ಮ ಕಾಲಿನ ಸಪ್ಪಳವು ಆ ನೆಲದ ಮೇಲೆ ಒಮ್ಮೆ ಕೇಳಿಬರಲಿ.